ಬೀಜ ಬೀಳುವ ಮೊದಲೇ ಹದವಾಗುವ ನೆಲ

ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷ ಕಳೆದ ಮೇಲೆ ಶ್ವಾಸಕೋಶದಲ್ಲಿ ಮಚ್ಚೆಗಳು ಕಂಡಿವೆಯೆಂಬ ವರದಿ ಬಂದಾಗ ಮನೆಮಂದಿಯ ಬಾಯಿಂದ ಹೊರಡುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಅಲ್ಲಿದ್ದದ್ದು ಇಲ್ಲಿಗೆ ಹೇಗೆ ಬಂತು? ಪ್ರಶ್ನೆಯ ಹಿಂದೆ ಒಂದು ಆರೋಪವೂ ಅಡಗಿರುತ್ತದೆ. ಸೂಜಿ ಚುಚ್ಚಿದ್ದರಿಂದ ಹರಡಿತು, ಕತ್ತಿ ತಾಗಿದ್ದರಿಂದ ಹಬ್ಬಿತು ಎಂದು ನೆಂಟರಿಷ್ಟರಲ್ಲಿ ಒಬ್ಬರಾದರೂ ತೀರ್ಪು ಕೊಟ್ಟುಬಿಡುತ್ತಾರೆ. ಗಡಿಯ ಈಚೆಗಿನ ಕನ್ನಡದ ಮನೆಗಳಲ್ಲಿ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ವರದಿ ಇಂಗ್ಲಿಷಿನಲ್ಲಿ, ವೈದ್ಯರ ವಿವರಣೆ ಮಲಯಾಳದಲ್ಲಿ, ಅಳು ಮಾತ್ರ ಕನ್ನಡದಲ್ಲಿ. ಕನ್ನಡ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯೇ ಎಷ್ಟೋ ಮನೆಗಳಲ್ಲಿ ದುಭಾಷಿ. ಆ ಹುಡುಗಿಯ ಪಠ್ಯಪುಸ್ತಕದಲ್ಲಿ ಜೀವಕೋಶದ ಚಿತ್ರವಿದೆ. ಆದರೆ ಜೀವಕೋಶಗಳು ಒಂದಕ್ಕೊಂದು ಕಳುಹಿಸಿಕೊಳ್ಳುವ ಪೊಟ್ಟಣಗಳ ಸಂಗತಿ ಆ ಪುಟದಾಚೆಗೆ ಉಳಿದಿದೆ. ಮನೆಯವರ ಪ್ರಶ್ನೆಗೆ ಉತ್ತರದ ಒಂದು ಮುಖ್ಯ ಭಾಗ ಆ ಪೊಟ್ಟಣಗಳಲ್ಲಿದೆ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಶ್ವಾಸಕೋಶದಲ್ಲಿ ಈಗ ಕಂಡದ್ದು ಶ್ವಾಸಕೋಶದ ಕ್ಯಾನ್ಸರ್ ಅಲ್ಲ. ಅದು ಶ್ವಾಸಕೋಶದಲ್ಲಿ ನೆಲೆಯೂರಿದ ಸ್ತನದ ಕ್ಯಾನ್ಸರ್. ಅದರ ಜೀವಕೋಶಗಳ ಗುಣ, ಅವು ಬಗ್ಗುವ ಔಷಧ, ಎರಡೂ ಮೂಲದ ಗಡ್ಡೆಯದೇ ಆಗಿರುತ್ತವೆ. ವರದಿಯಲ್ಲಿ ‘ಮೆಟಾಸ್ಟಾಸಿಸ್’ ಅಥವಾ ‘ಸೆಕೆಂಡರೀಸ್’ ಎಂದು ಬರೆಯುವುದು ಇದನ್ನೇ. ಕ್ಯಾನ್ಸರಿನಿಂದಾಗುವ ಸಾವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಮೊದಲು ಹುಟ್ಟಿದ ಗಡ್ಡೆಯಲ್ಲ, ಹೀಗೆ ದೂರ ಹೋಗಿ ನೆಲೆನಿಂತ ಗಡ್ಡೆಗಳು. ಆದ್ದರಿಂದ ‘ಹೇಗೆ ಬಂತು’ ಎಂಬುದು ಬರಿಯ ಕುತೂಹಲದ ಪ್ರಶ್ನೆಯಲ್ಲ.

ಈ ಪ್ರಶ್ನೆಯನ್ನು ಲೆಕ್ಕ ಹಿಡಿದು ವಿಚಾರಣೆಗೆ ತಂದವನು ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್. 1889ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಆತ ಪ್ರಕಟಿಸಿದ ಲೇಖನಕ್ಕೆ ಆಧಾರವಾಗಿದ್ದದ್ದು ಸ್ತನದ ಕ್ಯಾನ್ಸರಿನಿಂದ ತೀರಿಕೊಂಡ 735 ಮಹಿಳೆಯರ ಮರಣೋತ್ತರ ಪರೀಕ್ಷೆಯ ದಾಖಲೆಗಳು. ಆ ಕಾಲದಲ್ಲಿ ರೂಢಿಯಲ್ಲಿದ್ದ ನಂಬಿಕೆಯ ಪ್ರಕಾರ ಗಡ್ಡೆಯಿಂದ ಕಳಚಿದ ತುಣುಕುಗಳು ರಕ್ತದೊಡನೆ ಹರಿದು, ಎಲ್ಲಿ ಸಿಕ್ಕಿಕೊಂಡವೋ ಅಲ್ಲಿ ಬೆಳೆಯುತ್ತವೆ. ಅಂದರೆ ಎಲ್ಲವೂ ಆಕಸ್ಮಿಕ. ಆಕಸ್ಮಿಕವಾಗಿದ್ದರೆ ಹೆಚ್ಚು ರಕ್ತ ಹರಿಯುವ ಅಂಗಕ್ಕೆ ಹೆಚ್ಚು ಪಾಲು ಬರಬೇಕು. ಪ್ಯಾಜೆಟ್ ಎಣಿಸಿ ನೋಡಿದಾಗ ಯಕೃತ್ತಿನಲ್ಲಿ ಗಡ್ಡೆಗಳಿದ್ದ ಪ್ರಕರಣಗಳು 241, ಗುಲ್ಮದಲ್ಲಿ ಇದ್ದವು 17 ಮಾತ್ರ. ಗುಲ್ಮಕ್ಕೆ ರಕ್ತ ಒಯ್ಯುವ ಅಪಧಮನಿಯಾದರೋ ಯಕೃತ್ತಿನ ಅಪಧಮನಿಗಿಂತ ದೊಡ್ಡದು. ಒಂದೇ ಹೊಳೆಯ ನೀರು, ಒಂದೇ ಬೀಜ, ಆದರೆ ಒಂದು ಗದ್ದೆಯಲ್ಲಿ ಬೆಳೆ, ಇನ್ನೊಂದರಲ್ಲಿ ಬರಡು. ಹಾಗಿದ್ದರೆ ವ್ಯತ್ಯಾಸ ಮಣ್ಣಿನಲ್ಲಿರಬೇಕೆಂದು ಆತ ವಾದಿಸಿದ. ಬೀಜ ಎಲ್ಲ ದಿಕ್ಕಿಗೂ ಹಾರುತ್ತದೆ, ಆದರೆ ತನಗೆ ಒಗ್ಗುವ ಮಣ್ಣಿನಲ್ಲಿ ಬಿದ್ದರೆ ಮಾತ್ರ ಮೊಳೆಯುತ್ತದೆ ಎಂಬ ಆ ವಾದ ಇಂದಿಗೂ ‘ಬೀಜ ಮತ್ತು ಮಣ್ಣು’ ಎಂಬ ಹೆಸರಿನಿಂದಲೇ ಪರಿಚಿತ.

ಸಂಗತಿಯ ಸೊಗಸು ಇರುವುದು ಆತನ ವಿಧಾನದಲ್ಲಿ. ಆತನಲ್ಲಿ ಪ್ರಯೋಗಾಲಯವಿರಲಿಲ್ಲ, ಹೊಸ ಉಪಕರಣವಿರಲಿಲ್ಲ. ಇದ್ದದ್ದು ಇತರರು ಬರೆದಿಟ್ಟ ಕಡತಗಳು ಮಾತ್ರ. ಅವುಗಳನ್ನು ಒಟ್ಟಿಗೆ ಇಟ್ಟು ಓದಿದಾಗ, ಒಂದೊಂದಾಗಿ ಓದಿದಾಗ ಕಾಣದಿದ್ದದ್ದು ಕಂಡಿತು. ಬೀಜವನ್ನು ಪರೀಕ್ಷಿಸುವ ವಿಜ್ಞಾನಿಗಳ ಎದುರು ತಾನು ಬರಿಯ ಉಳುವವನೆಂದು ಆತ ವಿನಯದಿಂದ ಹೇಳಿಕೊಂಡಿದ್ದಾನೆ. ಉಳುವವನಿಗೂ ಮಣ್ಣಿನ ಬಗ್ಗೆ ಹೇಳಲಿಕ್ಕೆ ಏನಾದರೂ ಇರುತ್ತದೆ ಎಂಬುದು ಆ ವಿನಯದ ಒಳಗಿನ ಕುಟುಕು.

ಆದರೂ ಈ ವಾದ ಬಹುಕಾಲ ಮೂಲೆಗೆ ಸರಿಯಿತು. ಅಮೆರಿಕದ ರೋಗಶಾಸ್ತ್ರಜ್ಞ ಜೇಮ್ಸ್ ಎವಿಂಗ್ 1928ರಲ್ಲಿ, ಹರಡುವಿಕೆಯನ್ನು ವಿವರಿಸಲು ರಕ್ತನಾಳ ಮತ್ತು ದುಗ್ಧನಾಳಗಳ ಜೋಡಣೆಯೇ ಸಾಕೆಂದ. ಆ ಮಾತಿನಲ್ಲಿಯೂ ಹುರುಳಿದೆ. ದೊಡ್ಡ ಕರುಳಿನ ರಕ್ತ ಮೊದಲು ಹೋಗುವುದೇ ಯಕೃತ್ತಿಗೆ, ಕರುಳಿನ ಕ್ಯಾನ್ಸರ್ ಮೊದಲು ಹಬ್ಬುವುದೂ ಹೆಚ್ಚಾಗಿ ಅಲ್ಲಿಗೇ. ಪ್ಯಾಜೆಟ್ 1926ರಲ್ಲಿಯೇ ತೀರಿಕೊಂಡಿದ್ದುದರಿಂದ ಮರುವಾದಕ್ಕೆ ಆತ ಇರಲಿಲ್ಲ.

ಆ ಮರುವಾದವನ್ನು ಪ್ರಯೋಗದ ಮೂಲಕ ಮಂಡಿಸಿದವರು ಅಮೆರಿಕದ ಐಸಾಯ ಫಿಡ್ಲರ್. 1970ರಲ್ಲಿ ಅವರು ವಿಕಿರಣಶೀಲ ಗುರುತು ಹಚ್ಚಿದ ಚರ್ಮದ ಕ್ಯಾನ್ಸರಿನ ಜೀವಕೋಶಗಳನ್ನು ಇಲಿಗಳ ರಕ್ತಕ್ಕೆ ಬಿಟ್ಟರು. ಒಂದು ದಿನ ಕಳೆಯುವಷ್ಟರಲ್ಲಿ ಬದುಕುಳಿದದ್ದು ಸಾವಿರಕ್ಕೆ ಒಂದರ ಆಸುಪಾಸು. ರಕ್ತಕ್ಕೆ ಬಿದ್ದ ಬೀಜಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಾಯುತ್ತವೆ. ಓದುಗರು ಈ ಸಂಗತಿಯನ್ನು ಸ್ವಲ್ಪ ನೆನಪಿನಲ್ಲಿಡಬೇಕು. ಸೂಜಿ, ಕತ್ತಿಗಳ ಮೇಲಿನ ಆರೋಪಕ್ಕೆ ಬಂದಾಗ ಇದು ಬೇಕಾಗುತ್ತದೆ. ಹತ್ತು ವರ್ಷಗಳ ಬಳಿಕ ಅವರೂ ಸಹೋದ್ಯೋಗಿ ಹಾರ್ಟ್ ಅವರೂ ಇನ್ನೊಂದು ಪ್ರಯೋಗ ನಡೆಸಿದರು. ಶ್ವಾಸಕೋಶ, ಅಂಡಾಶಯ, ಮೂತ್ರಪಿಂಡಗಳ ಚೂರುಗಳನ್ನು ಇಲಿಗಳ ತೊಡೆಯ ಸ್ನಾಯುವಿನಲ್ಲಿ ನೆಟ್ಟು, ಬಳಿಕ ಕ್ಯಾನ್ಸರ್ ಕೋಶಗಳನ್ನು ರಕ್ತಕ್ಕೆ ಬಿಟ್ಟರು. ತೊಡೆಯಲ್ಲಿದ್ದ ಶ್ವಾಸಕೋಶದ ಚೂರಿನಲ್ಲಿಯೂ ಅಂಡಾಶಯದ ಚೂರಿನಲ್ಲಿಯೂ ಗಡ್ಡೆ ಬೆಳೆಯಿತು. ಮೂತ್ರಪಿಂಡದ ಚೂರಿನಲ್ಲಿ ಬೆಳೆಯಲಿಲ್ಲ. ಇರುವ ಜಾಗ ಒಂದೇ, ಹರಿಯುವ ರಕ್ತವೂ ಒಂದೇ. ಪ್ಯಾಜೆಟ್ ಹೇಳಿದ್ದು ಸರಿಯೆಂದು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯಿತು. ಮಣ್ಣು ತಾನಾಗಿಯೇ ಒಗ್ಗುವುದೋ, ಅಥವಾ ಯಾರಾದರೂ ಬಂದು ಅದನ್ನು ಹದ ಮಾಡುವರೋ? ಅಡಕೆ ಸಸಿ ನೆಡುವವರಾರೂ ಸಸಿಯನ್ನು ತಂದು ನೇರವಾಗಿ ಗಟ್ಟಿ ನೆಲಕ್ಕೆ ಚುಚ್ಚುವುದಿಲ್ಲ. ಗುಂಡಿ ತೋಡಿ, ಮೇಲ್ಮಣ್ಣು ತುಂಬಿ, ಗೊಬ್ಬರ ಹಾಕಿ, ಆಮೇಲೆ ಸಸಿ. ಗಡ್ಡೆಗೂ ಇಂಥದ್ದೊಂದು ಮುಂದಾಲೋಚನೆ ಇರಬಹುದೇ? ಇದೆ ಎಂಬ ಉತ್ತರ ಬಂದದ್ದು ತೀರ ಬೇರೆಯ ಕಡೆಯಿಂದ, ಕಸದ ಚೀಲಗಳ ಅಧ್ಯಯನದಿಂದ.

1983ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ರೋಸ್ ಜಾನ್‌ಸ್ಟೋನ್ ಮತ್ತು ಬಿನ್-ತಾವೊ ಪಾನ್ ಕುರಿಯ ರಕ್ತವನ್ನು ಪರೀಕ್ಷಿಸುತ್ತಿದ್ದರು. ಅದೇ ವರ್ಷ ಅಮೆರಿಕದ ಸೇಂಟ್ ಲೂಯಿಯಲ್ಲಿ ಫಿಲಿಪ್ ಸ್ಟಾಲ್ ಅವರ ತಂಡ ಇಲಿಯ ರಕ್ತದಲ್ಲಿ ಅದೇ ಸಂಗತಿಯನ್ನು ನೋಡುತ್ತಿತ್ತು. ಎಳೆಯ ಕೆಂಪು ರಕ್ತಕಣಕ್ಕೆ ಕಬ್ಬಿಣಾಂಶ ಬೇಕು. ಅದನ್ನು ಹಿಡಿದು ಒಳಗೆಳೆಯಲು ಅದರ ಪೊರೆಯ ಮೇಲೆ ಒಂದು ಬಗೆಯ ಪ್ರೋಟೀನಿನ ಕೊಕ್ಕೆಗಳಿರುತ್ತವೆ. ಕಣ ಬಲಿತ ಮೇಲೆ ಆ ಕೊಕ್ಕೆಗಳಿಗೆ ಕೆಲಸವಿಲ್ಲ. ಅವು ಎಲ್ಲಿ ಹೋಗುತ್ತವೆ? ಕಣ ಅವುಗಳನ್ನು ಒಳಗೇ ಕರಗಿಸಿಬಿಡುತ್ತದೆ ಎಂಬುದು ಸಹಜವಾದ ಊಹೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಬೇರೆ. ಕಣದ ಒಳಗೆ ಒಂದು ಚೀಲ, ಆ ಚೀಲದೊಳಗೆ ಅನೇಕ ಪುಟಾಣಿ ಚೀಲಗಳು, ಆ ಪುಟಾಣಿ ಚೀಲಗಳ ಮೈಮೇಲೆ ಬೇಡವಾದ ಕೊಕ್ಕೆಗಳು. ದೊಡ್ಡ ಚೀಲ ಕಣದ ಅಂಚಿಗೆ ಬಂದು ಪೊರೆಯೊಡನೆ ಕೂಡಿಕೊಂಡು ತನ್ನ ಒಡಲಲ್ಲಿದ್ದದ್ದೆಲ್ಲವನ್ನೂ ಹೊರಗೆ ಸುರಿಯುತ್ತಿತ್ತು. 1987ರಲ್ಲಿ ಜಾನ್‌ಸ್ಟೋನ್ ತಂಡ ಈ ಪುಟಾಣಿ ಚೀಲಗಳನ್ನು ‘ಎಕ್ಸೋಸೋಮ್’ ಎಂದು ಕರೆಯಿತು.

ಗಾತ್ರದ ಅಂದಾಜು ಹೀಗೆ: ಒಂದು ಎಕ್ಸೋಸೋಮಿನ ಅಡ್ಡಳತೆ ಸುಮಾರು 30ರಿಂದ 150 ನ್ಯಾನೋಮೀಟರ್. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಅಂದರೆ ಒಂದು ಕೂದಲಿನ ಅಡ್ಡಳತೆಯ ಉದ್ದಕ್ಕೆ ಎಂಟುನೂರು ಎಕ್ಸೋಸೋಮ್‌ಗಳನ್ನು ಸಾಲಾಗಿ ಕೂರಿಸಬಹುದು. ಶಾಲೆಯ ಸೂಕ್ಷ್ಮದರ್ಶಕಕ್ಕೆ ಇವು ಎಂದಿಗೂ ಕಾಣಿಸವು.

ಎಷ್ಟೋ ವರ್ಷ ಇವುಗಳನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮನೆಯ ಗುಣ ತಿಳಿಯಬೇಕಾದರೆ ಅದರ ಕಸದ ಬುಟ್ಟಿಯನ್ನು ನೋಡಬೇಕೆಂದು ಜೀವಶಾಸ್ತ್ರಜ್ಞರಿಗೆ ಆಗ ಹೊಳೆದಿರಲಿಲ್ಲವೆಂದು ತೋರುತ್ತದೆ. 1996ರಲ್ಲಿ ಗ್ರಾಸಾ ರಾಪೋಸೊ ಮತ್ತು ಸಂಗಡಿಗರು, ರೋಗನಿರೋಧಕ ವ್ಯವಸ್ಥೆಯ ಬಿಳಿ ರಕ್ತಕಣಗಳು ಬಿಡುವ ಎಕ್ಸೋಸೋಮ್‌ಗಳು ಇತರ ಕಣಗಳನ್ನು ಕೆರಳಿಸಬಲ್ಲವೆಂದು ತೋರಿಸಿದರು. ಕಸವೆಂದುಕೊಂಡದ್ದು ಮಾತಾಡತೊಡಗಿತು. ನಿರ್ಣಾಯಕ ಸಾಕ್ಷ್ಯ ಬಂದದ್ದು 2007ರಲ್ಲಿ, ಸ್ವೀಡನ್ನಿನ ಗೋಥೆನ್‌ಬರ್ಗ್‌ನಿಂದ. ಹಾದಿ ವಲಾದಿ, ಯಾನ್ ಲೋಟ್ವಾಲ್ ಮೊದಲಾದವರು ಇಲಿಯ ಜೀವಕೋಶಗಳ ಎಕ್ಸೋಸೋಮ್‌ಗಳನ್ನು ತೆಗೆದು ಮನುಷ್ಯನ ಜೀವಕೋಶಗಳ ಜೊತೆ ಇಟ್ಟರು. ಕೆಲವು ಗಂಟೆಗಳ ಬಳಿಕ ಮನುಷ್ಯನ ಕೋಶಗಳಲ್ಲಿ ಇಲಿಯ ಪ್ರೋಟೀನುಗಳು ತಯಾರಾಗಿದ್ದವು! ಪೊಟ್ಟಣದೊಳಗೆ ಆರ್‌ಎನ್‌ಎ, ಅಂದರೆ ಪ್ರೋಟೀನು ತಯಾರಿಸುವ ಸೂಚನೆಯೇ ಇತ್ತು. ಪಡೆದವನು ಅದನ್ನು ಓದಿ ಪಾಲಿಸಿದ್ದ. ಕಳುಹಿಸಿದವರಾರು, ತಲುಪಿದ್ದು ಯಾರಿಗೆ, ಒಳಗೇನಿತ್ತು, ತಲುಪಿದ ಮೇಲೆ ಏನಾಯಿತು ಎಂಬ ನಾಲ್ಕಕ್ಕೂ ಒಂದೇ ಪ್ರಯೋಗದಲ್ಲಿ ಪುರಾವೆ ಸಿಕ್ಕಿತ್ತು.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆಯನ್ನು ತಡೆಯಬೇಕು. ಎಕ್ಸೋಸೋಮ್ ರೋಗದ ಕಣವಲ್ಲ. ಆರೋಗ್ಯವಂತರ ರಕ್ತದಲ್ಲಿ, ಎಂಜಲಿನಲ್ಲಿ, ಮೂತ್ರದಲ್ಲಿ, ತಾಯಿಯ ಹಾಲಿನಲ್ಲಿ ಅವು ಸದಾ ಇರುತ್ತವೆ. ಕ್ಯಾನ್ಸರ್ ರೋಗಿಯ ತಟ್ಟೆ ಲೋಟ ಬೇರೆ ಇಡುವ ಮನೆಗಳು ಈಗಲೂ ಇವೆ. ಅವರ ಕೈಗೆ ಈ ಲೇಖನ ಹೊಸ ನೆಪವಾಗಬಾರದು. ಕ್ಯಾನ್ಸರ್ ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲ. ಒಂದೇ ದೇಹದೊಳಗಿನ ಅಂಚೆ ವ್ಯವಸ್ಥೆಯನ್ನು ಗಡ್ಡೆ ದುರುಪಯೋಗಪಡಿಸಿಕೊಳ್ಳುತ್ತದೆ ಎಂಬುದಷ್ಟೇ ಇಲ್ಲಿನ ಮಾತು.

ದುರುಪಯೋಗದ ಪ್ರಕರಣ ಬಯಲಾದದ್ದು ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ, ಮಕ್ಕಳ ಕ್ಯಾನ್ಸರ್ ತಜ್ಞ ಡೇವಿಡ್ ಲೈಡೆನ್ ಅವರ ತಂಡದಿಂದ. 2005ರಲ್ಲಿ ಅವರು ಪ್ರಕಟಿಸಿದ ಇಲಿಗಳ ಅಧ್ಯಯನದಲ್ಲಿ ಒಂದು ವಿಚಿತ್ರ ಅನುಕ್ರಮ ಕಂಡುಬಂತು. ಕ್ಯಾನ್ಸರ್ ಕೋಶಗಳು ಶ್ವಾಸಕೋಶವನ್ನು ತಲುಪುವ ಮೊದಲೇ ಅಸ್ಥಿಮಜ್ಜೆಯಿಂದ ಹೊರಟ ಕೆಲವು ಕೋಶಗಳು ಅಲ್ಲಿಗೆ ಬಂದು ಗುಂಪುಗೂಡಿದ್ದವು. ಮದುವೆಯ ದಿಬ್ಬಣಕ್ಕಿಂತ ಮೊದಲು ಚಪ್ಪರ ಹಾಕುವವರು ಬಂದಂತೆ. ಆ ಕೋಶಗಳನ್ನು ತಡೆದರೆ ಗಡ್ಡೆಗಳು ನೆಲೆಯೂರಲಿಲ್ಲ. ಇನ್ನೂ ವಿಚಿತ್ರವೆಂದರೆ, ಒಂದು ಬಗೆಯ ಗಡ್ಡೆಯ ಕೋಶಗಳನ್ನು ಬೆಳೆಸಿದ್ದ ದ್ರವವನ್ನಷ್ಟೇ ಚುಚ್ಚಿದರೂ, ಬೇರೆ ಬಗೆಯ ಗಡ್ಡೆ ತನ್ನ ರೂಢಿಯ ದಾರಿ ಬಿಟ್ಟು ಮೊದಲ ಗಡ್ಡೆಯ ದಾರಿ ಹಿಡಿಯುತ್ತಿತ್ತು. ಕೋಶಗಳಿಲ್ಲದ ಬರಿಯ ದ್ರವದಲ್ಲಿ ಆದೇಶ ಕೊಡುವ ಏನೋ ಒಂದು ಇತ್ತು.

ಆ ‘ಏನೋ’ ಎಂಬುದರಲ್ಲಿ ಎಕ್ಸೋಸೋಮ್‌ಗಳಿಗೆ ದೊಡ್ಡ ಪಾಲಿದೆಯೆಂದು 2012ರಲ್ಲಿ ಇದೇ ತಂಡ ತೋರಿಸಿತು. ಉಗ್ರವಾಗಿ ಹರಡುವ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಎಕ್ಸೋಸೋಮ್‌ಗಳು ‘ಮೆಟ್’ ಎಂಬ ಪ್ರೋಟೀನನ್ನು ಅಸ್ಥಿಮಜ್ಜೆಯ ಕೋಶಗಳಿಗೆ ಒಯ್ದು ಕೊಟ್ಟು, ಅವುಗಳ ನಡತೆಯನ್ನೇ ಬದಲಿಸಿದವು. ಪೊಟ್ಟಣ ಕಳುಹಿಸುವ ಯಂತ್ರಾಂಗದ ಒಂದು ಕೀಲನ್ನು ಗಡ್ಡೆಯ ಕೋಶಗಳಲ್ಲಿ ಸಡಿಲಿಸಿದಾಗ ಪೊಟ್ಟಣಗಳ ಸಂಖ್ಯೆ ಇಳಿಯಿತು, ಹರಡುವಿಕೆಯೂ ಇಳಿಯಿತು.

2015ರಲ್ಲಿ ಎರಡು ಅಧ್ಯಯನಗಳು ಹಿಂದೆ ಮುಂದೆ ಬಂದವು. ಮೊದಲನೆಯದು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಸಂಬಂಧಿಸಿದ್ದು. ಇದು ಯಕೃತ್ತಿಗೆ ಹಬ್ಬುವುದರಲ್ಲಿ ಕುಖ್ಯಾತ. ಗಡ್ಡೆ ಬಿಟ್ಟ ಎಕ್ಸೋಸೋಮ್‌ಗಳನ್ನು ಯಕೃತ್ತಿನ ಕಾವಲುಕೋಶಗಳು ನುಂಗುತ್ತವೆ. ನುಂಗಿದ ಕಾವಲುಕೋಶ ಒಂದು ರಾಸಾಯನಿಕ ಸಂಕೇತ ಹೊರಡಿಸುತ್ತದೆ. ಆ ಸಂಕೇತ ಕೇಳಿದ ಪಕ್ಕದ ಕೋಶಗಳು ‘ಫೈಬ್ರೋನೆಕ್ಟಿನ್’ ಎಂಬ ನಾರಿನಂಥ ಪ್ರೋಟೀನನ್ನು ಸುರಿಯುತ್ತವೆ. ಆ ನಾರಿನ ಹಾಸಿಗೆಗೆ ಅಸ್ಥಿಮಜ್ಜೆಯಿಂದ ಬಂದ ಕೋಶಗಳು ಅಂಟಿಕೊಳ್ಳುತ್ತವೆ. ಇಷ್ಟೆಲ್ಲ ನಡೆಯುವಾಗ ಯಕೃತ್ತಿನಲ್ಲಿ ಕ್ಯಾನ್ಸರ್ ಕೋಶ ಒಂದೂ ಇರುವುದಿಲ್ಲ. ಕಳ್ಳನಿಗೆ ಬಾಗಿಲು ತೆರೆಯುವಂತೆ ಕಾವಲುಗಾರನನ್ನೇ ಒಲಿಸಿಕೊಂಡ ಹಾಗಾಯಿತು. ಪೊಟ್ಟಣದೊಳಗಿನ ‘ಮಿಫ್’ ಎಂಬ ಪ್ರೋಟೀನನ್ನು ನಿಷ್ಕ್ರಿಯಗೊಳಿಸಿದಾಗ ಇಲಿಗಳಲ್ಲಿ ಈ ಸರಪಳಿ ಮೊದಲ ಕೊಂಡಿಯಲ್ಲಿಯೇ ಕಡಿಯಿತು. ಮನುಷ್ಯರ ಸಣ್ಣ ಗುಂಪೊಂದರಲ್ಲಿಯೂ, ಮುಂದೆ ಯಕೃತ್ತಿಗೆ ಹಬ್ಬಿದವರ ಎಕ್ಸೋಸೋಮ್‌ಗಳಲ್ಲಿ ರೋಗದ ಮೊದಲ ಹಂತದಲ್ಲಿಯೇ ಮಿಫ್ ಹೆಚ್ಚಾಗಿತ್ತು.

ಎರಡನೆಯ ಅಧ್ಯಯನದ ಮೊದಲ ಲೇಖಕಿ ಅಯುಕೊ ಹೊಶಿನೊ. ಪೊಟ್ಟಣಗಳಿಗೆ ವಿಳಾಸ ಬರೆಯುವವರು ಯಾರು ಎಂಬುದು ಅಲ್ಲಿನ ಪ್ರಶ್ನೆ. ಎಕ್ಸೋಸೋಮಿನ ಮೈಮೇಲೆ ‘ಇಂಟೆಗ್ರಿನ್’ ಎಂಬ ಪ್ರೋಟೀನುಗಳಿರುತ್ತವೆ. ಆಲ್ಫಾ-6 ಬೀಟಾ-4 ಎಂಬ ಜೋಡಿಯಿದ್ದವು ಶ್ವಾಸಕೋಶದಲ್ಲಿ ಇಳಿದವು. ಆಲ್ಫಾ-ವಿ ಬೀಟಾ-5 ಇದ್ದವು ಯಕೃತ್ತಿನಲ್ಲಿ. ಅಂಚೆಯ ಪಿನ್‌ಕೋಡಿನಂತೆ. ಬಳಿಕ ಈ ತಂಡ ಮಾಡಿದ ಪರೀಕ್ಷೆ ಫಿಡ್ಲರರ ತೊಡೆಯ ಪ್ರಯೋಗಕ್ಕೆ ಸಾಟಿಯಾದದ್ದು. ಸ್ತನದ ಕ್ಯಾನ್ಸರಿನ ಎರಡು ತಳಿಗಳನ್ನು ತೆಗೆದುಕೊಂಡರು. ಒಂದು ಶ್ವಾಸಕೋಶಕ್ಕೆ ಹೋಗುವಂಥದ್ದು, ಇನ್ನೊಂದು ಮೂಳೆಗೆ ಹೋಗುವಂಥದ್ದು. ಶ್ವಾಸಕೋಶದ ತಳಿಯ ಎಕ್ಸೋಸೋಮ್‌ಗಳನ್ನು ಮಾತ್ರ ಇಲಿಗಳಿಗೆ ಮೊದಲೇ ಚುಚ್ಚಿ, ಆಮೇಲೆ ಮೂಳೆಯ ತಳಿಯ ಕೋಶಗಳನ್ನು ಬಿಟ್ಟರು. ಮೂಳೆಗೆ ಹೋಗಬೇಕಾದ ಕೋಶಗಳು ಶ್ವಾಸಕೋಶದಲ್ಲಿ ಬೇರುಬಿಟ್ಟವು. ಬೀಜ ಬದಲಾಗಿರಲಿಲ್ಲ, ಬದಲಾದದ್ದು ಹದ ಮಾಡಿದ ನೆಲ.

ಇಷ್ಟು ಅಚ್ಚುಕಟ್ಟಾದ ಸಾಕ್ಷ್ಯವನ್ನು ಕಂಡಾಗ ಪಾಟಿಸವಾಲು ಮಾಡದೆ ಬಿಡುವುದು ಸರಿಯಲ್ಲ. ಮೊದಲ ಸಂದೇಹ, ಸಾಕ್ಷಿಗಳಲ್ಲಿ ಹೆಚ್ಚಿನವು ಇಲಿಗಳು. ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಕೋಶಗಳಿಂದ ಎಕ್ಸೋಸೋಮ್‌ಗಳನ್ನು ಶೇಖರಿಸಿ ವಾರಗಟ್ಟಲೆ ಚುಚ್ಚಿದಾಗ ಆಗುವುದೂ, ರೋಗಿಯ ದೇಹದಲ್ಲಿ ಗಡ್ಡೆ ತಾನಾಗಿ ಬಿಡುವ ಪ್ರಮಾಣದಿಂದ ಆಗುವುದೂ ಒಂದೇ ಎಂದು ಭಾವಿಸಲಾಗದು. ಎರಡನೆಯದು, ಶುದ್ಧತೆ. ಅತಿವೇಗದ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತಳಕ್ಕಿಳಿಸಿದ ಮಡ್ಡಿಯಲ್ಲಿ ಎಕ್ಸೋಸೋಮಿನ ಜೊತೆಗೆ ಇತರ ಬಗೆಯ ಚೀಲಗಳೂ, ಪ್ರೋಟೀನಿನ ಗಂಟುಗಳೂ, ಕೊಬ್ಬಿನ ಕಣಗಳೂ ಸೇರಿಕೊಂಡಿರುತ್ತವೆ. ಈ ಕಾರಣದಿಂದಲೇ ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘ 2018ರ ಮಾರ್ಗಸೂಚಿಯಲ್ಲಿ, ಚೀಲ ಹುಟ್ಟಿದ ಬಗೆಯನ್ನು ತೋರಿಸಲಾಗದಿದ್ದರೆ ‘ಎಕ್ಸೋಸೋಮ್’ ಎನ್ನದೆ ‘ಕೋಶಬಾಹ್ಯ ಚೀಲ’ ಎಂಬ ಸಾಮಾನ್ಯ ಹೆಸರನ್ನೇ ಬಳಸಬೇಕೆಂದು ಸಲಹೆ ಮಾಡಿತು. ಮೂರನೆಯದು, ನೆಲವನ್ನು ಹದ ಮಾಡುವವರು ಇವರೊಬ್ಬರೇ ಅಲ್ಲ. ಗಡ್ಡೆ ನೇರವಾಗಿ ಸ್ರವಿಸುವ ಪ್ರೋಟೀನುಗಳಿಗೂ ಈ ಕೆಲಸದಲ್ಲಿ ಪಾಲಿದೆ. ಹೀಗಾಗಿ ಪ್ರಾಣಿಪ್ರಯೋಗಗಳ ಮಟ್ಟಿಗೆ ಪ್ರಕರಣ ಗಟ್ಟಿ. ಮನುಷ್ಯರ ಮಟ್ಟಿಗೆ ಮೇಲ್ನೋಟಕ್ಕೆ ಸಾಬೀತು, ವಿಚಾರಣೆ ಮುಂದುವರಿದಿದೆ.

ಇನ್ನು ಸೂಜಿ ಮತ್ತು ಕತ್ತಿಯ ಮೇಲಿನ ಆರೋಪ. ಬಯಾಪ್ಸಿಯ ಸೂಜಿಯ ದಾರಿಯಲ್ಲಿ ಕೋಶಗಳು ಉಳಿಯುವುದು ಉಂಟು, ಆದರೆ ಅಪರೂಪ. ಹಾಗಾಗುವ ಸಂಭವ ಇರುವ ಕೆಲವು ಗಡ್ಡೆಗಳಲ್ಲಿ ವೈದ್ಯರು ಮೊದಲೇ ಎಚ್ಚರ ವಹಿಸಿ, ಸೂಜಿಯ ದಾರಿಯನ್ನೂ ಸೇರಿಸಿ ತೆಗೆಯುತ್ತಾರೆ. ಉಳಿದಂತೆ, ರಕ್ತಕ್ಕೆ ಬಿದ್ದ ಕೋಶಗಳಲ್ಲಿ ಸಾವಿರಕ್ಕೆ ಒಂದರಷ್ಟೂ ಬದುಕುವುದು ಕಷ್ಟವೆಂಬ ಫಿಡ್ಲರರ ಲೆಕ್ಕವೂ, ಬದುಕಿದ್ದಕ್ಕೂ ಹದವಾದ ನೆಲ ಬೇಕೆಂಬ ಲೈಡೆನ್ನರ ಲೆಕ್ಕವೂ ಸೂಜಿಯ ಪರವಾಗಿಯೇ ಸಾಕ್ಷಿ ಹೇಳುತ್ತವೆ. ಒಂದು ಸೆಂಟಿಮೀಟರ್ ಗಾತ್ರದ ಗಡ್ಡೆಯಲ್ಲಿ ಹತ್ತು ಕೋಟಿಯಿಂದ ನೂರು ಕೋಟಿ ಜೀವಕೋಶಗಳಿರುತ್ತವೆ. ಕೈಗೆ ಸಿಗುವ ಹೊತ್ತಿಗೆ ಅದು ಎಷ್ಟೋ ಕಾಲದಿಂದ ಕೋಶಗಳನ್ನೂ ಪೊಟ್ಟಣಗಳನ್ನೂ ರಕ್ತಕ್ಕೆ ಬಿಡುತ್ತಲೇ ಬಂದಿರುತ್ತದೆ. ಎರಡು ವರ್ಷದ ಬಳಿಕ ಕಂಡ ಮಚ್ಚೆಯ ಬೀಜ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಅಲ್ಲಿಗೆ ತಲುಪಿದ್ದು, ಸ್ಕ್ಯಾನಿಗೆ ಕಾಣದಷ್ಟು ಚಿಕ್ಕದಾಗಿತ್ತು, ಅಷ್ಟೆ. ಕತ್ತಿಗೆ ಹೆದರಿ ಬಯಾಪ್ಸಿಯನ್ನು ಮೂರು ತಿಂಗಳು ಮುಂದೂಡಿದವರು ಗಡ್ಡೆಗೆ ಮೂರು ತಿಂಗಳ ಉಳುಮೆಯ ಸಮಯವನ್ನು ದಾನ ಕೊಟ್ಟಂತಾಯಿತು.

ಇದೇ ಹೆಸರು ಈಗ ಅಂಗಡಿಯ ಹಲಗೆಗಳಲ್ಲಿಯೂ ಕಾಣತೊಡಗಿದೆ. ಮುಖದ ಕಾಂತಿಗೆ ಎಕ್ಸೋಸೋಮ್, ಕೂದಲಿಗೆ ಎಕ್ಸೋಸೋಮ್, ಮಂಡಿನೋವಿಗೆ ಎಕ್ಸೋಸೋಮ್. 2019ರ ಡಿಸೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಾರ್ವಜನಿಕ ಎಚ್ಚರಿಕೆ ಹೊರಡಿಸಿ, ತನ್ನ ಅನುಮೋದನೆ ಪಡೆದ ಎಕ್ಸೋಸೋಮ್ ಉತ್ಪನ್ನ ಒಂದೂ ಇಲ್ಲವೆಂದು ಸಾರಿತು. ನೆಬ್ರಾಸ್ಕ ರಾಜ್ಯದಲ್ಲಿ ಇಂಥ ಚಿಕಿತ್ಸೆ ಪಡೆದ ಕೆಲವರಿಗೆ ಗಂಭೀರ ತೊಂದರೆಯಾದದ್ದು ಆ ಎಚ್ಚರಿಕೆಗೆ ಕಾರಣ. ಕ್ಯಾನ್ಸರನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವವರಿಗೆ ಭಾರತದಲ್ಲಿ ಹಳೆಯದೊಂದು ಕಾನೂನು ಇದೆ: 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಕಾಯ್ದೆ. ಅದರ ಅನುಸೂಚಿಯಲ್ಲಿ ಹೆಸರಿಸಿದ ರೋಗಗಳಲ್ಲಿ ಕ್ಯಾನ್ಸರ್ ಒಂದು. ಆ ರೋಗಗಳನ್ನು ವಾಸಿ ಮಾಡುವುದೆಂದು ಔಷಧವನ್ನು ಜಾಹೀರು ಮಾಡುವುದನ್ನು 3ನೆಯ ಕಲಮು ನಿಷೇಧಿಸುತ್ತದೆ; ಪ್ರಕಟಣೆಯಲ್ಲಿ ಪಾಲುಗೊಳ್ಳುವವರೂ ಅದರ ವ್ಯಾಪ್ತಿಗೆ ಬರುತ್ತಾರೆ. ಕಾನೂನು ಹಲ್ಲಿಲ್ಲದ್ದೆಂದು ದೂರುವವರಿದ್ದಾರೆ. ಜಾಹೀರಾತನ್ನು ಕತ್ತರಿಸಿ ಇಟ್ಟು, ದಿನಾಂಕ ಬರೆದು ಔಷಧ ನಿಯಂತ್ರಣಾಧಿಕಾರಿಗೆ ದೂರು ಕೊಡುವವರು ವಿರಳವಾದದ್ದರಿಂದಲೂ ಹಲ್ಲುಗಳು ಕೆಲಸವಿಲ್ಲದೆ ಸವೆದಿವೆ.

ಪ್ರಾಮಾಣಿಕವಾದ ಪ್ರಯತ್ನಗಳು ನಿಧಾನವಾಗಿ ನಡೆದಿವೆ. ಪ್ರಾಸ್ಟೇಟ್ ಕ್ಯಾನ್ಸರಿನ ಸಂದೇಹವಿರುವ ಗಂಡಸರಿಗೆ ಬಯಾಪ್ಸಿ ಬೇಕೇ ಬೇಡವೇ ಎಂದು ನಿರ್ಧರಿಸಲು ನೆರವಾಗುವ ಮೂತ್ರಪರೀಕ್ಷೆಯೊಂದು ಅಮೆರಿಕದಲ್ಲಿದೆ. ಮೂತ್ರದ ಎಕ್ಸೋಸೋಮ್‌ಗಳೊಳಗಿನ ಮೂರು ಆರ್‌ಎನ್‌ಎಗಳನ್ನು ಅದು ಅಳೆಯುತ್ತದೆ. ಅದಕ್ಕೆ 2019ರಲ್ಲಿ ‘ಬ್ರೇಕ್‌ಥ್ರೂ’ ಮಾನ್ಯತೆ ಸಿಕ್ಕಿತು. ಇದು ಪರಿಶೀಲನೆಯನ್ನು ಚುರುಕುಗೊಳಿಸುವ ಮಾನ್ಯತೆಯೇ ಹೊರತು ಅನುಮೋದನೆಯಲ್ಲ. ಈ ಎರಡರ ನಡುವಿನ ಅಂತರವನ್ನು ಸುದ್ದಿಯ ತಲೆಬರಹಗಳು ಆಗಾಗ ಮರೆಯುತ್ತವೆ. ಹ್ಯೂಸ್ಟನ್ನಿನ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿ ರಘು ಕಲ್ಲೂರಿ ಅವರ ತಂಡ, ಗಡ್ಡೆಯ ಅಂಚೆಯನ್ನೇ ಗಡ್ಡೆಯ ವಿರುದ್ಧ ತಿರುಗಿಸಲು ಯತ್ನಿಸಿದೆ: ಸಾಮಾನ್ಯ ಕೋಶಗಳ ಎಕ್ಸೋಸೋಮ್‌ಗಳಲ್ಲಿ ಕ್ಯಾನ್ಸರಿನ ಒಂದು ಜೀನನ್ನು ಮೌನಗೊಳಿಸುವ ಆರ್‌ಎನ್‌ಎ ತುಂಬಿ ಕಳುಹಿಸುವುದು. 2017ರಲ್ಲಿ ಇಲಿಗಳಲ್ಲಿ ಫಲ ಕಂಡಿತು. ಆಮೇಲೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ರೋಗಿಗಳ ಮೇಲೆ ಮೊದಲ ಹಂತದ ಪರೀಕ್ಷೆ ಕೈಗೊಳ್ಳಲಾಯಿತು.

ಅದೆಲ್ಲ ಕೈಗೆಟುಕುವ ಮುನ್ನ ಮನೆಗಳಲ್ಲಿ ಪ್ರತಿ ತಿಂಗಳೂ ಕೇಳಿಬರುವ ಪ್ರಶ್ನೆ ಒಂದಿದೆ: ಗಡ್ಡೆ ತೆಗೆದಾಯಿತಲ್ಲ, ಇನ್ನು ಮಾತ್ರೆ ಯಾಕೆ? ಹಾರ್ಮೋನಿಗೆ ಸ್ಪಂದಿಸುವ ಸ್ತನದ ಕ್ಯಾನ್ಸರಿಗೆ ಕೊಡುವ ಮಾತ್ರೆಯನ್ನು ಕನಿಷ್ಠ ಐದು ವರ್ಷ ನುಂಗಬೇಕು. ಮೈ ಹಗುರವಾಗಿದೆ, ಖರ್ಚೂ ಇದೆ, ಬಿಸಿಯುಕ್ಕುವ ತೊಂದರೆಯೂ ಇದೆ ಎಂದು ಎರಡನೆಯ ವರ್ಷದಲ್ಲಿಯೇ ನಿಲ್ಲಿಸುವವರು ಇದ್ದಾರೆ. ಶಸ್ತ್ರಚಿಕಿತ್ಸೆ ತೆಗೆದದ್ದು ಗಿಡವನ್ನು. ಮಾತ್ರೆ ಕೊಡುವುದು ಆ ಗಿಡ ಆಗಲೇ ಉದುರಿಸಿರಬಹುದಾದ, ಯಾವ ಸ್ಕ್ಯಾನಿಗೂ ಕಾಣದ ಬೀಜಗಳಿಗಾಗಿ.

ಮಣ್ಣಿಗೇ ಕೊಡುವ ಔಷಧವೂ ಒಂದು ಬಗೆಯಲ್ಲಿ ಆಗಲೇ ಬಳಕೆಯಲ್ಲಿದೆ. ಮೂಳೆ ಸವೆತಕ್ಕೆ ಕೊಡುವ ಬಿಸ್‌ಫಾಸ್ಫೊನೇಟ್ ಎಂಬ ಗುಂಪಿನ ಔಷಧಗಳು ಮೂಳೆಯನ್ನು ಕರಗಿಸುವ ಕೋಶಗಳನ್ನು ಹತ್ತಿಕ್ಕುತ್ತವೆ. ಹದಿನೆಂಟು ಸಾವಿರಕ್ಕೂ ಹೆಚ್ಚು ಸ್ತನ ಕ್ಯಾನ್ಸರ್ ರೋಗಿಗಳ ದಾಖಲೆಗಳನ್ನು ಒಟ್ಟುಗೂಡಿಸಿ, ಪ್ಯಾಜೆಟ್ ಬರೆದ ಅದೇ ‘ಲ್ಯಾನ್ಸೆಟ್’ನಲ್ಲಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಮುಟ್ಟು ನಿಂತ ಮಹಿಳೆಯರಿಗೆ ಈ ಔಷಧ ಕೊಟ್ಟಾಗ ಕ್ಯಾನ್ಸರ್ ಮೂಳೆಯಲ್ಲಿ ಮರುಕಳಿಸುವುದು ಕಡಿಮೆಯಾದದ್ದು ಕಂಡುಬಂತು. ಔಷಧ ಮುಖ್ಯವಾಗಿ ಕೆಲಸ ಮಾಡುವುದು ಮೂಳೆಯ ಮೇಲೆ. ಅಲ್ಲಿ ಬೀಜ ಊರುವುದು ಕಷ್ಟವಾಗುತ್ತದೆ. ಈ ಗುಂಪಿನ ಜೋಲೆಡ್ರಾನಿಕ್ ಆಮ್ಲವನ್ನು ಹಲವೆಡೆ ಆರು ತಿಂಗಳಿಗೊಮ್ಮೆ ರಕ್ತನಾಳಕ್ಕೆ ಕೊಡುತ್ತಾರೆ. ದವಡೆಯ ಮೂಳೆಗೆ ಅಪರೂಪವಾಗಿ ತೊಂದರೆಯಾಗುವುದರಿಂದ, ಹುಳುಕು ಹಲ್ಲು ಇದ್ದರೆ ದಂತವೈದ್ಯರನ್ನು ಮೊದಲು ಕಂಡು ಬರಬೇಕು. ತಮಗೆ ಇದು ಅಗತ್ಯವೇ ಎಂದು ಮುಂದಿನ ತಪಾಸಣೆಯ ದಿನ ವೈದ್ಯರನ್ನು ಕೇಳಬಹುದು. ದುಭಾಷಿಯಾಗಿ ಹೋಗುವ ಹುಡುಗಿ ಆ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಸಾಕು.